ರಾಕೆಟ್ ದಾಟಿದ ಮೇಲೆ ಮೂಡುವ ಕೆಂಪು

2023ರ ಜುಲೈ 19ರ ರಾತ್ರಿ ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಫಾಲ್ಕನ್ 9 ರಾಕೆಟ್ ಮೇಲೇರಿತು. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಬಳಿ ತೆಗೆದ ಚಿತ್ರಗಳಲ್ಲಿ ಅದು ಹೋದ ದಾರಿಯುದ್ದಕ್ಕೂ ಕೆಂಪು ಹರಡಿಕೊಂಡಿತ್ತು. ಅದು ಎಂಜಿನ್ನಿನ ಬೆಂಕಿಯಲ್ಲ. ಹೊಳೆದದ್ದು ವಾತಾವರಣವೇ.

ನೆಲದಿಂದ ಇನ್ನೂರು–ಮುನ್ನೂರು ಕಿ.ಮೀ. ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತಿರುತ್ತವೆ. ಇಂಥ ಒಂಟಿ ಅಯಾನು ಎಲೆಕ್ಟ್ರಾನನ್ನು ಮರಳಿ ಹಿಡಿಯುವುದು ಬಲು ನಿಧಾನ. ಹಾಗಾಗಿಯೇ ಅಯಾನುಗೋಳದ ಈ ಪದರ ಇರುಳಿನಲ್ಲೂ ಪೂರ್ತಿ ಕರಗುವುದಿಲ್ಲ. ಅಲ್ಲಿಗೆ ರಾಕೆಟ್ಟಿನ ನೀರಾವಿ, ಕಾರ್ಬನ್ ಡೈಆಕ್ಸೈಡ್ ನುಗ್ಗಿದರೆ ಕಥೆಯೇ ಬೇರೆ. ಒಂಟಿ ಅಯಾನುಗಳ ಜಾಗದಲ್ಲಿ ಅಣುರೂಪದ ಅಯಾನುಗಳು ಹುಟ್ಟುತ್ತವೆ. ಅವು ಎಲೆಕ್ಟ್ರಾನನ್ನು ತಟ್ಟನೆ ಸೆಳೆದುಕೊಂಡು ಒಡೆಯುತ್ತವೆ. ಒಡೆದ ಚೂರುಗಳಲ್ಲಿ ಕೆಲವು ಚೈತನ್ಯ ತುಂಬಿದ ಆಮ್ಲಜನಕದ ಪರಮಾಣುಗಳು. ಅವು ಶಾಂತವಾಗುವಾಗ 630 ನ್ಯಾನೊಮೀಟರಿನ ಕೆಂಪು ಬೆಳಕು ಬಿಡುತ್ತವೆ. ಧ್ರುವಪ್ರಭೆಯ ಮೇಲಂಚಿನ ಕೆಂಪೂ ಇದೇ. ಪರಮಾಣು ಈ ಬೆಳಕು ಬಿಡಲು ಸುಮಾರು ಎರಡು ನಿಮಿಷ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಾದರೆ ಅಷ್ಟರೊಳಗೆ ಇನ್ನೊಂದು ಅಣು ಡಿಕ್ಕಿ ಹೊಡೆದು ಆ ಚೈತನ್ಯವನ್ನು ಕಸಿದುಬಿಡುತ್ತದೆ.

ಅಂದರೆ ಆ ಕೆಂಪು ಕಂಡಲ್ಲಿ ಎಲೆಕ್ಟ್ರಾನುಗಳು ಖಾಲಿಯಾಗುತ್ತಿವೆ. 1973ರ ಮೇ 14ರಂದು ಸ್ಯಾಟರ್ನ್ 5 ರಾಕೆಟ್ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣವನ್ನು ಹೊತ್ತೊಯ್ದಾಗ ಅಯಾನುಗೋಳದಲ್ಲಿ ಸುಮಾರು ಸಾವಿರ ಕಿ.ಮೀ. ತ್ರಿಜ್ಯದ ರಂಧ್ರ ಬಿದ್ದಿತ್ತು. ವಿಜ್ಞಾನಿ ಮೈಕೆಲ್ ಮೆಂಡಿಲೊ ಮತ್ತು ಸಂಗಡಿಗರು ಇದರ ರಸಾಯನವನ್ನು ಬಿಡಿಸಿ ಹೇಳಿದರು.

ನನಗೆ ಬಲು ಇಷ್ಟವಾದದ್ದು 1985ರ ಪ್ರಯೋಗ. ಸ್ಪೇಸ್‌ಲ್ಯಾಬ್–2 ಯಾನದಲ್ಲಿ ಚಾಲೆಂಜರ್ ನೌಕೆ ಬೇಕೆಂದೇ ಟಾಸ್ಮೇನಿಯಾದ ಹೋಬಾರ್ಟ್ ಮೇಲೆ ತನ್ನ ಎಂಜಿನ್ ಉರಿಸಿತು. ಕೆಳಗೆ ರೇಡಿಯೊ ದೂರದರ್ಶಕ ಸಜ್ಜಾಗಿ ಕಾಯುತ್ತಿತ್ತು. ಅಯಾನುಗೋಳ ಸಾಮಾನ್ಯವಾಗಿ ತಡೆದುಬಿಡುವ 1.7 ಮೆಗಾಹರ್ಟ್ಸ್ ಅಲೆಗಳು ಆ ರಂಧ್ರದ ಮೂಲಕ ಆಕಾಶಗಂಗೆಯಿಂದ ಇಳಿದುಬಂದವು. ಹೊಗೆಯಿಂದ ಕಿಟಕಿ ತೆರೆದ ಕೆಲಸ ಅದು!

ಈಗ ಕಿಟಕಿ ಯಾರೂ ಕೇಳದೆಯೇ ತೆರೆಯುತ್ತಿದೆ. ಫಾಲ್ಕನ್ 9ರ ಎರಡನೇ ಹಂತ ಕಕ್ಷೆಯಿಂದ ಇಳಿಯಲು ಕೆಲವೇ ಸೆಕೆಂಡು ಎಂಜಿನ್ ಉರಿಸಿದರೂ ಸಾಕು, ಟೆಕ್ಸಾಸಿನ ಮೆಕ್‌ಡೊನಾಲ್ಡ್ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ದುಂಡನೆಯ ಕೆಂಪು ಗೋಳ ಮೂಡುತ್ತದೆ. ಮರುದಿನ ಸೂರ್ಯ ಹುಟ್ಟಿದರೆ ರಂಧ್ರ ತುಂಬಿಕೊಳ್ಳುತ್ತದೆ, ನಿಜ. ಆದರೆ ಮಸುಕು ಬೆಳಕನ್ನು ಅಳೆಯುವ ಖಗೋಳಜ್ಞರಿಗೆ ಆ ರಾತ್ರಿ ಮುಖ್ಯ. ಎಂಜಿನ್ ಉರಿಸುವ ಸಮಯ, ಸ್ಥಳ, ಅನಿಲದ ಪ್ರಮಾಣ ಇಷ್ಟನ್ನು ಕಂಪನಿಗಳು ಮುಂಚಿತವಾಗಿ ಪ್ರಕಟಿಸಬೇಕು. ಹೋಬಾರ್ಟಿನವರಿಗೆ ಅದೆಲ್ಲ ಮೊದಲೇ ತಿಳಿದಿತ್ತು.