ಮಗು ತಾನೇ ಬರೆದುಕೊಳ್ಳುವ ನಿಯಮಗಳು

ಹುಟ್ಟಿದ ಮಗುವಿನ ದೇಹ ನೋಡಿ ಗಂಡು ಅಥವಾ ಹೆಣ್ಣು ಎಂದು ಹೆರಿಗೆ ಕೋಣೆಯಲ್ಲೇ ಹೇಳಿಬಿಡುತ್ತಾರಾದರೂ, ತಾನು ಯಾರು ಎಂಬ ಒಳಗಿನ ಅರಿವು, ಅಂದರೆ ಲಿಂಗತ್ವದ ಗುರುತು, ಮಗುವಿನಲ್ಲಿ ಮೂಡುವುದು ಎರಡು–ಮೂರನೆಯ ವರ್ಷದ ಹೊತ್ತಿಗೆ. ಗಂಡು ಹೀಗಿರಬೇಕು, ಹೆಣ್ಣು ಹಾಗಿರಬೇಕು ಎಂಬ ನಿರೀಕ್ಷೆಗಳ ಮೊತ್ತವಾದ ಲಿಂಗ ಪಾತ್ರ ಮಾತ್ರ ಅದಕ್ಕೂ ಮೊದಲೇ ತೊಟ್ಟಿಲ ಸುತ್ತ ಸಿದ್ಧವಾಗಿರುತ್ತದೆ. ಥಟ್ಟನೆ ಚಿಮ್ಮುವ ಬೊಂಬೆಯ ಪೆಟ್ಟಿಗೆ ಕಂಡು ಅಳುವ ಒಂಬತ್ತು ತಿಂಗಳ ಕೂಸಿನ ಒಂದೇ ವಿಡಿಯೊವನ್ನು ಅಮೆರಿಕದ ಜಾನ್ ಮತ್ತು ಸ್ಯಾಂಡ್ರಾ ಕಾಂಡ್ರಿ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂಸು ಗಂಡೆಂದು ನಂಬಿದವರು ಆ ಅಳುವಿನಲ್ಲಿ ಹೆಚ್ಚು ಸಿಟ್ಟನ್ನೂ, ಹೆಣ್ಣೆಂದು ನಂಬಿದವರು ಹೆಚ್ಚು ಭಯವನ್ನೂ ಕಂಡರು. ಸಿಟ್ಟಾದ ಮಗುವನ್ನೂ ಹೆದರಿದ ಮಗುವನ್ನೂ ಯಾರೂ ಒಂದೇ ಬಗೆಯಲ್ಲಿ ಸಂತೈಸುವುದಿಲ್ಲವಾದ್ದರಿಂದ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಹಾಗೆಂದು ಮಗು ಕಲಿಸಿದ್ದನ್ನಷ್ಟೇ ಒಪ್ಪಿಸುತ್ತದೆ ಎಂದುಕೊಂಡರೆ ತಪ್ಪಾದೀತು. 1966ರಲ್ಲಿ ಮನೋವಿಜ್ಞಾನಿ ಲಾರೆನ್ಸ್ ಕೋಲ್ಬರ್ಗ್ ವಾದಿಸಿದಂತೆ, ಮಗು ಮೊದಲು ತನ್ನನ್ನು ಹುಡುಗ ಅಥವಾ ಹುಡುಗಿ ಎಂದು ಹೆಸರಿಸಿಕೊಂಡು, ಆಮೇಲೆ ದೊಡ್ಡವರಾದರೂ ಅದು ಹಾಗೆಯೇ ಉಳಿಯುತ್ತದೆಂದು ತಿಳಿದು, ಐದರಿಂದ ಏಳು ವರ್ಷದ ನಡುವೆ ಉಡುಪು ಕೇಶ ಬದಲಾದರೂ ಗುರುತು ಬದಲಾಗದು ಎಂಬ ಕೊನೆಯ ಮೆಟ್ಟಿಲನ್ನು, ಅಂದರೆ ಲಿಂಗ ಸ್ಥಿರತೆಯ ಅರಿವನ್ನು, ಮುಟ್ಟುತ್ತದೆ. ಅಲ್ಲಿಯವರೆಗೆ ಹೊರಗುರುತುಗಳೇ ಅದಕ್ಕೆ ಪ್ರಮಾಣ. ಮನೋವಿಜ್ಞಾನಿ ಸ್ಯಾಂಡ್ರಾ ಬೆಮ್ ಅವರ ಪುಟ್ಟ ಮಗ ಕೂದಲಿಗೆ ಕ್ಲಿಪ್ ಹಾಕಿಕೊಂಡು ಶಿಶುವಿಹಾರಕ್ಕೆ ಹೋದಾಗ, ಕ್ಲಿಪ್ ಹಾಕುವವರು ಹುಡುಗಿಯರೇ ಎಂದು ಜೊತೆಗಾರನೊಬ್ಬ ದಿನವಿಡೀ ಹಟ ಹಿಡಿದನೆಂದೂ, ಕಡೆಗೆ ಇವನು ಚಡ್ಡಿ ಜಾರಿಸಿ ಸಾಕ್ಷ್ಯ ತೋರಿಸಿದರೂ, ಅದು ಎಲ್ಲರಿಗೂ ಇರುತ್ತದೆ, ಕ್ಲಿಪ್ ಮಾತ್ರ ಹುಡುಗಿಯರದು ಎಂದು ತೀರ್ಪಿತ್ತನೆಂದೂ ಬೆಮ್ ದಾಖಲಿಸಿದ್ದಾರೆ. ಜಗತ್ತನ್ನು ಗಂಡು–ಹೆಣ್ಣಿನ ಎರಡು ಖಾನೆಗಳಾಗಿ ವಿಂಗಡಿಸಿ, ಕಂಡದ್ದನ್ನೆಲ್ಲ ಅದರೊಳಗೆ ಹೊಂದಿಸಿಕೊಳ್ಳುವ ಮನಸ್ಸಿನ ಈ ಚೌಕಟ್ಟನ್ನು 1981ರಲ್ಲಿ ಅವರು ಲಿಂಗತ್ವದ ಸ್ಕೀಮಾ ಎಂದು ಕರೆದರು. ಮಕ್ಕಳ ನಡವಳಿಕೆಯ ಮೇಲೆ ಹಾರ್ಮೋನುಗಳ ಪ್ರಭಾವವನ್ನು ಅಲ್ಲಗಳೆಯಲಾಗದಾದರೂ, ಕ್ಲಿಪ್ಪಿನ ಹೊಣೆಯನ್ನು ಅವುಗಳ ತಲೆಗೆ ಕಟ್ಟುವುದು ಕಷ್ಟ.

ಐದಾರು ವರ್ಷದ ಮಗಳು ಗುಲಾಬಿ ಲಂಗವಲ್ಲದೆ ಬೇರೇನನ್ನೂ ಒಲ್ಲೆನೆಂದಾಗಲೋ, ಮಗ ಹುಡುಗಿಯರ ಜೊತೆ ಆಡಲಾರೆನೆಂದಾಗಲೋ ಸಮಾನತೆಯಲ್ಲಿ ನಂಬಿಕೆಯಿಟ್ಟ ಪಾಲಕರು ಕಂಗಾಲಾಗುವುದುಂಟು. ಆದರೆ ಆ ವಯಸ್ಸಿಗೆ ತಾರಕಕ್ಕೇರುವ ಬಿಗಿ ಮುಂದಿನ ವರ್ಷಗಳಲ್ಲಿ ಸಡಿಲವಾಗುತ್ತದೆಂದು ಜರ್ಮನಿಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇದನ್ನು ಹಟವೆನ್ನುವುದಕ್ಕಿಂತ ಹೊಸದಾಗಿ ಕಲಿತ ನಿಯಮದ ಅತಿನಿಷ್ಠೆ ಎನ್ನುವುದೇ ಸರಿ. ಹುಟ್ಟಿನಲ್ಲಿ ಹೇಳಿದ ಲಿಂಗಕ್ಕೂ ಒಳಗಿನ ಗುರುತಿಗೂ ತಾಳೆಯಾಗದ ಮಕ್ಕಳ ಮಾತೇ ಬೇರೆ. ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುವ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕನ್ನು ಭಾರತದ ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು.

ನಿಯಮದ ಆ ಬಿಗಿ ಪೂರ್ತಿ ಸಡಿಲವಾಗಬೇಕಾದರೆ ಬೇರೆ ಮಾದರಿಗಳು ಕಣ್ಣಿಗೆ ಬೀಳಬೇಕು. ಮನೆಯಲ್ಲಿ ಕಾಣುವುದು ಮಾತ್ರ ಹೆಚ್ಚಾಗಿ ಹಳೆಯ ಮಾದರಿಯೇ. ಊಟ ಬಡಿಸುವ ಕ್ರಮ, ಕೂರುವ ಭಂಗಿ, ಹಬ್ಬದ ಆಚರಣೆಗಳ ಮೂಲಕ ಹಿಂದೂ ಮನೆಗಳ ಹೆಣ್ಣುಮಕ್ಕಳು ರೂಪುಗೊಳ್ಳುವ ಬಗೆಯನ್ನು ಮಾನವಶಾಸ್ತ್ರಜ್ಞೆ ಲೀಲಾ ದುಬೆ 1988ರಲ್ಲಿ ವಿವರಿಸಿದರು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರೆ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಅಣ್ಣ ತಂಗಿ ಇಬ್ಬರೂ ಸಮಾನರೆಂದು ಬಾಯಲ್ಲಿ ಹೇಳುವ ಅಪ್ಪ, ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವ ಮನೆಯಲ್ಲಿ, ಮಗು ಬರೆದುಕೊಳ್ಳುವುದು ತಟ್ಟೆಯ ನಿಯಮವನ್ನೇ.

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಅಪ್ಪನ ಚಿತ್ರವನ್ನು ಕೇರಳ 2024ರಲ್ಲಿ ಮೂರನೆಯ ತರಗತಿಯ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿದ್ದು ಇದೇ ಕಾರಣಕ್ಕೆ. ಹರಿಯಾಣದ ಸರ್ಕಾರಿ ಶಾಲೆಗಳ ಹದಿಹರೆಯದವರೊಂದಿಗೆ ಎರಡೂವರೆ ವರ್ಷ ಲಿಂಗ ಸಮಾನತೆ ಕುರಿತು ತರಗತಿ ಚರ್ಚೆ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಗಿದ್ದು, ಮಕ್ಕಳ ಧೋರಣೆಯೂ, ಅದರಲ್ಲೂ ಹುಡುಗರ ನಡವಳಿಕೆಯೂ ಸಮಾನತೆಯತ್ತ ವಾಲಿದ್ದು ಕಂಡುಬಂತು. ನಡವಳಿಕೆಯ ಲೆಕ್ಕ ಮಾತ್ರ ಮಕ್ಕಳು ತಾವೇ ಹೇಳಿಕೊಂಡದ್ದು.