ಕೊಳವೆ ಗೋಡೆಗಳ ಊರು ತೊಕೊನಾಮೆ

ಜಪಾನಿನ ಐಚಿ ಪ್ರಾಂತದಲ್ಲಿ, ನಗೋಯಾ ನಗರದ ದಕ್ಷಿಣಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಚಿತಾ ಪರ್ಯಾಯದ್ವೀಪದ ಪಶ್ಚಿಮ ದಡದಲ್ಲಿರುವ ತೊಕೊನಾಮೆ, ಸುಮಾರು 900 ವರ್ಷಗಳಿಂದ ಮಣ್ಣನ್ನು ಸುಡುತ್ತಲೇ ಬಂದಿರುವ ಊರು. ಕುಂಬಾರಿಕೆಗೆ ಹೆಸರಾದ ಊರೆಂದರೆ ನಯವಾದ ಹೂದಾನಿ, ಚಹಾ ಬಟ್ಟಲು, ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳು ನೆನಪಿಗೆ ಬರುವುದು ಸಹಜವಾದರೂ, ತೊಕೊನಾಮೆಯನ್ನು ಶತಮಾನಗಳ ಕಾಲ ಸಾಕಿದ್ದು ಗುಡಾಣ, ಚರಂಡಿ ಕೊಳವೆ, ಇಟ್ಟಿಗೆಗಳಂಥ, ಯಾರೂ ಕೈಯಲ್ಲಿ ಹಿಡಿದು ತಿರುಗಿಸಿ ಮೆಚ್ಚಿಕೊಳ್ಳದ ಸರಕು. ಊರ ಗುಡ್ಡದ ಮೇಲಿನ ಹಳೆಯ ಕುಂಬಾರಗೇರಿಯನ್ನು ಬಳಸಿಕೊಂಡು ಸಾಗುವ ‘ಯಾಕಿಮೊನೊ ಸಂಪೊಮಿಚಿ’, ಅಂದರೆ ಮಣ್ಣಿನ ಸಾಮಾನುಗಳ ನಡುವಿನ ಅಡ್ಡಾಟದ ದಾರಿ, ಈ ಸಂಗತಿಯನ್ನು ಗೋಡೆ ಮತ್ತು ನೆಲಗಳಿಂದಲೇ ಓದಿಕೊಳ್ಳಲು ಅವಕಾಶ ಕೊಡುತ್ತದೆ. ಇದರಲ್ಲಿ 1.6 ಕಿಲೋಮೀಟರ್ ಉದ್ದದ ಚಿಕ್ಕ ಸುತ್ತು, ಸುಮಾರು 4 ಕಿಲೋಮೀಟರಿನ ದೊಡ್ಡ ಸುತ್ತು ಎಂಬ ಎರಡು ಬಗೆಗಳಿದ್ದು, ಎರಡೂ ಸ್ಥಳೀಯ ಕುಂಬಾರಿಕೆಯ ಮಾರಾಟ ಮತ್ತು ಮಾಹಿತಿ ಕೇಂದ್ರವಾದ ‘ತೋಜಿಕಿ ಕೈಕಾನ್’ ಎಂಬ ಕಟ್ಟಡದಿಂದ ಆರಂಭವಾಗುತ್ತವೆ. ನಗೋಯಾದಿಂದ ರೈಲಿನಲ್ಲಿ ಬಂದವರು ನಿಲ್ದಾಣದಿಂದ ಕಾಲ್ನಡಿಗೆಯಲ್ಲೇ ಅಲ್ಲಿಗೆ ತಲುಪಬಹುದು.

ಗೇರಿಯೊಳಗೆ ಕಾಲಿಟ್ಟವರಿಗೆ ಮೊದಲು ಗಮನಕ್ಕೆ ಬರುವುದು ಓಣಿಗಳ ಇಕ್ಕಟ್ಟು ಮತ್ತು ಏರಿಳಿತ. ಇವು ಯಾರೋ ನಕ್ಷೆ ಬರೆದು ಹಾಕಿದ ದಾರಿಗಳಾಗಿರದೆ, ಆವಿಗೆಗೂ ಆವಿಗೆಗೂ ನಡುವೆ, ಕೆಲಸದ ಕೊಟ್ಟಿಗೆಗೂ ಕೊಟ್ಟಿಗೆಗೂ ನಡುವೆ ಮಿಕ್ಕ ಜಾಗ ಸವೆದು ದಾರಿಯಾದದ್ದರಿಂದ, ನೇರವಾಗಿ ಸಾಗುವ ಓಣಿ ಇಲ್ಲಿ ಅಪರೂಪ. ಆವಿಗೆಯ ಬೆಂಕಿ ತಾನಾಗಿಯೇ ಮೇಲಕ್ಕೆ ಎಳೆದುಕೊಳ್ಳಬೇಕಾದರೆ ಇಳಿಜಾರು ಅಗತ್ಯವಾದ್ದರಿಂದ ಕುಂಬಾರರು ಬಯಲನ್ನು ಬಿಟ್ಟು ಗುಡ್ಡವನ್ನು ಆರಿಸಿಕೊಂಡರು. ಗುಡ್ಡದ ಮೇಲೆ ಮನೆ ಕಟ್ಟಿದ ಮೇಲೆ ಕುಸಿಯುವ ಮಣ್ಣನ್ನು ತಡೆಯುವ ಗೋಡೆಗಳು ಬೇಕಾದವು. ಗೋಡೆಗೆ ಕಲ್ಲು ತರುವ ಬದಲು, ಆವಿಗೆಯಿಂದ ಸೊಟ್ಟಗಾಗಿ ಹೊರಬಂದ, ಬಿರುಕುಬಿಟ್ಟ, ಮಾರಾಟವಾಗದೆ ಉಳಿದ ಸಾಮಾನನ್ನೇ ಅಲ್ಲಿ ಜೋಡಿಸಿದರು. ಕೊಟ್ಟಿಗೆಗಳ ಮರದ ಹಲಗೆಗಳು ಕಪ್ಪಗಿರುವುದಕ್ಕೆ ಹೊಗೆಯೊಂದೇ ಕಾರಣವಲ್ಲ. ಮಳೆ ಮತ್ತು ಕಡಲಗಾಳಿಗೆ ಮರ ಕೊಳೆಯದಂತೆ ಅವುಗಳಿಗೆ ಡಾಂಬರು ಬಳಿಯಲಾಗಿದೆ. ಇಂದು ಛಾಯಾಚಿತ್ರಕಾರರು ಸಾಲುಗಟ್ಟಿ ಬರುವ ಈ ಗೇರಿಯ ಚೆಲುವಿನಲ್ಲಿ ಚೆಲುವಿಗೆಂದೇ ಮಾಡಿದ್ದು ಬಹಳ ಕಡಿಮೆ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಮಧ್ಯಯುಗದಿಂದ ಇಂದಿನವರೆಗೆ ಎಡೆಬಿಡದೆ ಕೆಲಸ ನಡೆಸಿಕೊಂಡು ಬಂದಿರುವ ಜಪಾನಿನ ಆರು ಕುಂಬಾರ ನೆಲೆಗಳನ್ನು ‘ಆರು ಪುರಾತನ ಆವಿಗೆಗಳು’ ಎಂದು ಒಟ್ಟಾಗಿ ಕರೆಯುವ ರೂಢಿಯಿದೆ. ಮಣ್ಣಿನ ಪಾತ್ರೆಗಳ ವಿದ್ವಾಂಸರಾದ ಕೊಯಾಮಾ ಫುಜಿಯೊ 20ನೇ ಶತಮಾನದ ಮಧ್ಯಭಾಗದಲ್ಲಿ ಬಳಕೆಗೆ ತಂದ ಈ ಹೆಸರಿನಡಿ ಸೇಟೊ, ಶಿಗರಾಕಿ, ಎಚಿಝೆನ್, ತಂಬಾ, ಬಿಝೆನ್‌ಗಳೊಂದಿಗೆ ತೊಕೊನಾಮೆಯೂ ಸೇರುತ್ತದೆ. 2017ರಲ್ಲಿ ಜಪಾನ್ ಸರ್ಕಾರ ಈ ಆರನ್ನೂ ಒಂದಾಗಿ ‘ಜಪಾನ್ ಪರಂಪರೆ’ಯ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಮಧ್ಯಯುಗದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ತೊಕೊನಾಮೆಯೇ. 12ನೇ ಶತಮಾನದಿಂದ ಮುಂದಕ್ಕೆ ಚಿತಾ ಪರ್ಯಾಯದ್ವೀಪದ ಗುಡ್ಡಗಳಲ್ಲಿ ಸಾವಿರಾರು ‘ಅನಾಗಾಮಾ’ಗಳು, ಅಂದರೆ ಇಳಿಜಾರಿನೊಳಗೆ ಸುರಂಗದಂತೆ ಕೊರೆದ ಒಂದೇ ಕೋಣೆಯ ಆವಿಗೆಗಳು, ಉರಿದವು. ದಿನಗಟ್ಟಲೆ ಸೌದೆ ಉರಿಯುವಾಗ ಹಾರುವ ಬೂದಿ ಗುಡಾಣಗಳ ಭುಜದ ಮೇಲೆ ಕೂತು, ತೀವ್ರ ಶಾಖಕ್ಕೆ ಕರಗಿ, ಹಸಿರು ಛಾಯೆಯ ಗಾಜಿನ ಪದರವಾಗಿ ಇಳಿಯುತ್ತಿತ್ತು. ಯಾರೂ ಬಳಿಯದ ಈ ಹೊಳಪೇ ಅಂದಿನ ತೊಕೊನಾಮೆ ಗುಡಾಣಗಳ ಗುರುತಾಗಿದೆ.

ಗುಡಾಣಗಳನ್ನು ರೂಪಿಸುತ್ತಿದ್ದ ಬಗೆಯೂ ವಿಶಿಷ್ಟವಾದದ್ದು. ಆಳೆತ್ತರಕ್ಕೆ ಸಮೀಪಿಸುವ ಪಾತ್ರೆಯನ್ನು ತಿಗರಿಯ ಮೇಲೆ ತಿರುಗಿಸುವುದು ಸಾಧ್ಯವಿಲ್ಲವಾದ್ದರಿಂದ, ಕುಂಬಾರನು ತೋಳಿನಷ್ಟು ದಪ್ಪವಾಗಿ ಹೊಸೆದ ಮಣ್ಣಿನ ಸುರುಳಿಯನ್ನು ಹಿಡಿದು, ಪಾತ್ರೆಯ ಸುತ್ತ ತಾನೇ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ, ಸುರುಳಿಯನ್ನು ಅಂಚಿನ ಮೇಲೆ ಒತ್ತುತ್ತ ಹೋಗುತ್ತಾನೆ. ‘ಯೊರಿಕೊ’ ಎಂಬ ಈ ವಿಧಾನದಲ್ಲಿ ಪಾತ್ರೆ ನಿಂತಲ್ಲೇ ನಿಂತಿದ್ದು ಕುಂಬಾರನೇ ತಿಗರಿಯಾಗುತ್ತಾನೆ. ಒಂದು ಸುತ್ತು ಗಟ್ಟಿಯಾದ ಮೇಲಷ್ಟೇ ಅದರ ಮೇಲೆ ಮತ್ತೊಂದನ್ನು ಏರಿಸಬೇಕಾದ್ದರಿಂದ ದೊಡ್ಡ ಗುಡಾಣವೊಂದಕ್ಕೆ ಹಲವು ದಿನ ಹಿಡಿಯುತ್ತದೆ. ನೀರು, ಧಾನ್ಯ, ಮದ್ಯಗಳನ್ನು ತುಂಬಿಡಲು ಬೇಕಾದ ಈ ಭಾರದ ಸರಕನ್ನು ಗಾಡಿಯ ಮೇಲೆ ದೂರ ಸಾಗಿಸುವುದು ಅಸಾಧ್ಯವೆಂಬಷ್ಟು ಕಷ್ಟವಾದರೂ ಕಡಲು ಪಕ್ಕದಲ್ಲೇ ಇತ್ತು. ಈಶಾನ್ಯದ ಹಿರೈಝುಮಿಯಲ್ಲೂ ಸಮುರಾಯ್ ಆಡಳಿತದ ಕೇಂದ್ರವಾಗಿದ್ದ ಕಾಮಾಕುರಾದಲ್ಲೂ ನಡೆದ ಉತ್ಖನನಗಳಲ್ಲಿ ತೊಕೊನಾಮೆಯ ಗುಡಾಣಗಳ ಓಡುಗಳು ದೊರೆತಿರುವುದು ಈ ಜಲಮಾರ್ಗದ ಫಲ.

ಮೇಜಿ ಯುಗ (1868–1912) ಬಂದಾಗ ಗುಡಾಣದ ಊರು ಕೊಳವೆಯ ಊರಾಯಿತು. ವಿದೇಶಿಯರು ನೆಲೆಸಿದ್ದ ಯೊಕೊಹಾಮಾ ಬಂದರಿನಲ್ಲಿ ಪಾಶ್ಚಾತ್ಯ ಮಾದರಿಯ ಒಳಚರಂಡಿ ಹಾಕಬೇಕಾದಾಗ, ಅದಕ್ಕೆ ಬೇಕಾದ ಮಣ್ಣಿನ ಕೊಳವೆಗಳ ಕೆಲಸವನ್ನು ಕೈಗೆತ್ತಿಕೊಂಡವರು ತೊಕೊನಾಮೆಯ ಕೊಯಿಎ ಹೋಜು. ಒಂದು ಕೊಳವೆಯ ಬಾಲ ಇನ್ನೊಂದರ ಬಾಯೊಳಗೆ ಸರಿಯಾಗಿ ಕೂರಬೇಕಾದರೆ ಎಲ್ಲವೂ ಒಂದೇ ಅಳತೆಯವಾಗಿರಬೇಕು. ಆದರೆ ಹಸಿ ಮಣ್ಣು ಒಣಗುವಾಗ ಮತ್ತು ಸುಡುವಾಗ ಕುಗ್ಗುತ್ತದೆ, ಕುಗ್ಗುವಾಗ ಎಲ್ಲ ಕಡೆಗೂ ಸಮನಾಗಿ ಕುಗ್ಗುವುದೂ ಇಲ್ಲ. ಕಣ್ಣಳತೆ ಕೈಯಳತೆಗಳಿಂದ ಗುಡಾಣ ಮಾಡಿದವರಿಗೆ ಹೊಸದಾದ ಈ ಬೇಡಿಕೆಗೆ ಕೊಯಿಎ ಕಂಡುಕೊಂಡ ಉತ್ತರ ಮರದ ಅಚ್ಚು. ಅಚ್ಚು ಬಂದದ್ದೇ ಕುಂಬಾರಿಕೆ ಕೈಗಾರಿಕೆಯಾಗಿ ಮಾರ್ಪಟ್ಟಿತೆಂದು ಹೇಳಿದರೆ ತಪ್ಪಾಗಲಾರದು. ಆ ಮೇಲೆ ನಗರಗಳ ಚರಂಡಿ, ರೈಲುದಾರಿಯ ನೀರುಗಾಲುವೆ, ಹೊಲಗಳ ಬಸಿಗಾಲುವೆಗಳಿಗಾಗಿ ಜಪಾನಿನ ಉದ್ದಗಲಕ್ಕೂ ಇಲ್ಲಿಯ ಕೊಳವೆಗಳು ನೆಲದಡಿ ಸೇರಿದವು.

ನೆಲದಡಿ ಸೇರದೆ ಉಳಿದವು ‘ದೋಕಾನ್‌ಝಾಕಾ’ ಎಂಬ ಏರುದಾರಿಯಲ್ಲಿವೆ. ಕೊಳವೆ ಏರು ಎನ್ನಬಹುದಾದ ಈ ಓಣಿಯ ಒಂದು ಬದಿಯ ಗೋಡೆ ಮೇಜಿ ಕಾಲದ ಕಂದು ಕೊಳವೆಗಳಿಂದಲೂ, ಇನ್ನೊಂದು ಬದಿಯದು 1926ರಲ್ಲಿ ಆರಂಭವಾದ ಶೋವಾ ಯುಗದ ಮೊದಲ ವರ್ಷಗಳಲ್ಲಿ ‘ಶೋಚು’ ಎಂಬ ಭಟ್ಟಿ ಮದ್ಯಕ್ಕಾಗಿ ಮಾಡಿದ ಹೊಟ್ಟೆಯುಬ್ಬಿದ ಜಾಡಿಗಳಿಂದಲೂ ಮುಚ್ಚಿಹೋಗಿದೆ. ಮಳೆಯಲ್ಲಿ ಕಾಲು ಜಾರದಂತೆ ನೆಲದಲ್ಲಿ ಹೂತಿರುವ ಸುಟ್ಟ ಮಣ್ಣಿನ ತುಂಡುಗಳು ಕೂಡ, ಆವಿಗೆಯಲ್ಲಿ ಕೊಳವೆಗಳಿಗೆ ಆಧಾರವಾಗಿಟ್ಟು ಬಳಿಕ ಎಸೆದ ಅಡಿಬಿಲ್ಲೆಗಳು. ಇಡೀ ಗೇರಿಯಲ್ಲಿ ಒಂದೇ ಜಾಗವನ್ನು ನೋಡುವಷ್ಟು ಸಮಯವಿದ್ದವರು ಈ ಕೆಲವೇ ಹೆಜ್ಜೆಗಳ ಏರನ್ನು ಆರಿಸಿಕೊಳ್ಳಬಹುದು.

ಸಮಯ ಹೆಚ್ಚಿದ್ದವರು ನಿಲ್ಲಬೇಕಾದ ಜಾಗ ‘ತೋಎಗಾಮಾ’ ಆವಿಗೆ. ಇದು ‘ನೊಬೊರಿಗಾಮಾ’ ಎಂಬ ಜಾತಿಯದು, ಎಂದರೆ ಇಳಿಜಾರಿನುದ್ದಕ್ಕೂ ಒಂದರ ಮೇಲೊಂದು ಮೆಟ್ಟಿಲಿನಂತೆ ಕೋಣೆಗಳನ್ನು ಜೋಡಿಸಿದ ಏರು ಆವಿಗೆ. ಕೆಳಗಿನ ಬಾಯಲ್ಲಿ ಹೊತ್ತಿಸಿದ ಬೆಂಕಿ ಮೊದಲ ಕೋಣೆಯನ್ನು ಸುಟ್ಟು, ಅಲ್ಲಿ ಮಿಕ್ಕ ಶಾಖ ಮೇಲಿನ ಕೋಣೆಯನ್ನು ಮೊದಲೇ ಕಾಯಿಸಿಟ್ಟಿರುತ್ತದೆ. ಹೀಗೆ ಒಂದೊಂದೇ ಕೋಣೆಗೆ ಪಕ್ಕದಿಂದ ಇಂಧನ ಕೊಡುತ್ತ ಮೇಲೇರಿದರೆ ಒಂದೇ ಉರಿಯಿಂದ ಅಪಾರ ಸರಕು ಬೇಯುತ್ತದೆ. 1887ರಲ್ಲಿ ಕಟ್ಟಿದ ತೋಎಗಾಮಾದಲ್ಲಿ 8 ಕೋಣೆಗಳಿದ್ದು, ಅದು ಸುಮಾರು 17 ಡಿಗ್ರಿಗಳ ಇಳಿಜಾರಿನಲ್ಲಿ ಒರಗಿಕೊಂಡಿದೆ. ಅದರ ತಲೆಯ ಮೇಲಿನ 10 ಹೊಗೆಗೂಡುಗಳು ಒಂದೇ ಎತ್ತರದವಲ್ಲ. ಎರಡು ಕೊನೆಗಳಲ್ಲಿ ಎತ್ತರವಾಗಿ ನಡುವೆ ತಗ್ಗಾಗಿರುವುದು, ಗಾಳಿಯ ಸೆಳೆತ ನಡುವಿಗೆ ಮಾತ್ರ ಹೆಚ್ಚಾಗದೆ ಅಂಚುಗಳಿಗೂ ಬೆಂಕಿ ಹರಡಲೆಂದು. 1974ರವರೆಗೆ ಉರಿದ ಈ ಆವಿಗೆಯನ್ನು 1982ರಲ್ಲಿ ರಾಷ್ಟ್ರೀಯ ಮಹತ್ವದ ಜಾನಪದ ಸ್ವತ್ತೆಂದು ಘೋಷಿಸಲಾಯಿತು.

ಹೊಗೆಗೂಡುಗಳ ಮಾತಿನಲ್ಲೇ ಊರಿನ ಏಳುಬೀಳೂ ಅಡಗಿದೆ. 20ನೇ ಶತಮಾನದ ಆರಂಭದಿಂದ ಸೌದೆಯ ಬದಲು ಕಲ್ಲಿದ್ದಲು ಉರಿಸುವ ಚೌಕಾಕಾರದ ಇಟ್ಟಿಗೆ ಆವಿಗೆಗಳು ಹರಡಿದವು. ಕೊಳವೆಗಳು ನೀರು ಹೀರದಂತೆ ಅವುಗಳಿಗೆ ಉಪ್ಪಿನ ಹೊಳಪು ಕೊಡುವ ಪದ್ಧತಿಯೂ ರೂಢಿಯಲ್ಲಿತ್ತು: ಆವಿಗೆ ತೀರ ಕಾದಿರುವಾಗ ಒಳಗೆ ಉಪ್ಪು ಎರಚಿದರೆ ಅದು ಆವಿಯಾಗಿ, ಮಣ್ಣಿನಲ್ಲಿರುವ ಸಿಲಿಕಾದೊಂದಿಗೆ ಬೆರೆತು, ಮೈಮೇಲೆ ಕಂದು ಗಾಜಿನ ಪದರವಾಗುತ್ತದೆ. ಕಲ್ಲಿದ್ದಲಿನ ಮಸಿ ಮತ್ತು ಉಪ್ಪಿನ ಘಾಟು ಸೇರಿ ಗುಡ್ಡದ ಮೇಲಿನ ಬದುಕು ಹೇಗಿದ್ದಿರಬೇಕೆಂಬುದನ್ನು ಇಂದಿನ ಹಸನಾದ ಓಣಿಗಳು ಸುಲಭವಾಗಿ ಮರೆಸಿಬಿಡುತ್ತವೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಸಿಮೆಂಟ್ ಹಾಗೂ ಪ್ಲಾಸ್ಟಿಕ್ ಕೊಳವೆಗಳು ಮಣ್ಣಿನ ಕೊಳವೆಯನ್ನು ಮೂಲೆಗೊತ್ತಿದವು; ಆವಿಗೆಗಳು ಒಂದೊಂದಾಗಿ ಆರಿದವು, ಖಾಲಿಯಾದ ಕೊಟ್ಟಿಗೆಗಳಿಗೆ ಕಾಲಕ್ರಮದಲ್ಲಿ ಕಲಾವಿದರು, ಅಂಗಡಿಗಳು, ಚಹಾ ಕೋಣೆಗಳು ಬಂದವು.

ಆದರೂ ಕೈಯಲ್ಲಿ ಹಿಡಿದು ಮೆಚ್ಚುವ ವಸ್ತುವೊಂದು ತೊಕೊನಾಮೆಗೆ ಇಲ್ಲದಿಲ್ಲ. ಪಕ್ಕದಲ್ಲಿ ಹಿಡಿಯಿರುವ, ಹಸಿರು ಚಹಾ ಸೋಸುವ ‘ಕ್ಯೂಸು’ ಎಂಬ ಸಣ್ಣ ಕೆಂಪು ಗಿಂಡಿ, ಕಬ್ಬಿಣದಂಶ ಹೆಚ್ಚಿರುವ ಇಲ್ಲಿಯ ನುಣುಪು ಜೇಡಿಯ ಕೊಡುಗೆ. ಕೊಯಿಎ ಹೋಜು 1878ರಲ್ಲಿ ಜಿನ್ ಶಿಹೆಂಗ್ ಎಂಬ ಚೀನೀ ಕುಶಲಿಯನ್ನು ಕರೆಸಿ, ಮಣ್ಣಿನ ಹಾಳೆಗಳನ್ನು ಬಡಿದು ಜೋಡಿಸುವ ಯಿಶಿಂಗ್ ಊರಿನ ಪದ್ಧತಿಯನ್ನು ಸ್ಥಳೀಯರಿಗೆ ಕಲಿಸುವಂತೆ ಮಾಡಿದರು. ಆದರೆ ಮುಂದೆ ಇಲ್ಲಿಯ ಕೈಗಳು ತಿಗರಿಯ ಮೇಲೆಯೇ ಗಿಂಡಿಯ ಒಡಲು, ಕೊಕ್ಕು, ಹಿಡಿ, ಮುಚ್ಚಳಗಳನ್ನು ಬೇರೆ ಬೇರೆಯಾಗಿ ಎತ್ತಿ ಕೂಡಿಸುವ ದಾರಿಯನ್ನು ಬೆಳೆಸಿಕೊಂಡವು. ಒಳ್ಳೆಯ ಕ್ಯೂಸುವಿನ ಮುಚ್ಚಳವನ್ನು ಒಡಲಿನ ಬಾಯಿಗೆ ಉಜ್ಜಿ ಉಜ್ಜಿ ಸಂದಿಲ್ಲದಂತೆ ಕೂರಿಸಿರುತ್ತಾರೆ. ಈ ಕಸುಬಿನಲ್ಲಿ ಹೆಸರಾದ ಮೂರನೆಯ ಯಾಮಾದಾ ಜೋಝಾನ್ ಅವರಿಗೆ 1998ರಲ್ಲಿ ಜಪಾನ್ ಸರ್ಕಾರ ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಜನ ಕರೆಯುವ ಮನ್ನಣೆಯನ್ನು ನೀಡಿತ್ತು.

ದಾರಿಯಲ್ಲಿ ಸಿಗುವ ತಾಕಿತಾ ಮನೆತನದ ಮನೆ, ಕುಂಬಾರರ ಸರಕನ್ನು ಹಡಗಿಗೇರಿಸುತ್ತಿದ್ದ ವರ್ತಕರದು. ಸುಮಾರು 1850ರ ಈ ಮನೆಯನ್ನು ದುರಸ್ತಿಗೊಳಿಸಿ ನೋಡುಗರಿಗೆ ತೆರೆದಿರುವುದರಿಂದ, ಮಣ್ಣು ಹಣವಾದ ಬಗೆಯನ್ನು ಅಲ್ಲಿ ಕಾಣಬಹುದು. ಆದರೆ ಪ್ರವಾಸಿಗರ ದಟ್ಟಣೆ ಇರುವುದು ಬೇರೆಡೆ, ಗುಡ್ಡವನ್ನು ಸೀಳಿದ ರಸ್ತೆಯ ಮೇಲಿನಿಂದ ಇಣುಕುವ 3.8 ಮೀಟರ್ ಎತ್ತರದ ಬೆಕ್ಕಿನ ತಲೆಯ ಬಳಿ. ಪಂಜ ಎತ್ತಿ ಗಿರಾಕಿಯನ್ನು ಕರೆಯುವ, ಶುಭಸೂಚಕವೆಂದು ಅಂಗಡಿಗಳಲ್ಲಿ ಇಡುವ ‘ಮನೆಕಿ ನೆಕೊ’ ಬೊಂಬೆಗಳನ್ನು ಮಾಡುವುದರಲ್ಲಿ ತೊಕೊನಾಮೆ ಮುಂಚೂಣಿಯಲ್ಲಿರುವುದರಿಂದ ಆ ತಲೆ ಅಲ್ಲಿ ಬಂತು. ಕೆಳಗಿನ ಗೋಡೆಯುದ್ದಕ್ಕೂ 39 ಕಲಾವಿದರು ಮಾಡಿದ 39 ಬೆಕ್ಕುಗಳೂ ಇವೆ. ಎರಡಾಳೆತ್ತರದ ಬೆಕ್ಕು ಮುದ್ದಾಗಿದೆ, ನಿಜ. ಆದರೆ ಅದರೊಂದಿಗೆ ಚಿತ್ರ ತೆಗೆಸಿಕೊಂಡು ತೋಎಗಾಮಾವನ್ನು ನೋಡದೆ ಹಿಂದಿರುಗುವವರು ಊರಿನ ಕಥೆಯ ಮುಖ್ಯಭಾಗವನ್ನೇ ಬಿಟ್ಟಂತೆ.

ಆ ಕಥೆ ಗುಡ್ಡದಲ್ಲೇ ಮುಗಿಯುವುದೂ ಇಲ್ಲ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಟೋಕಿಯೊದಲ್ಲಿ ಇಂಪೀರಿಯಲ್ ಹೋಟೆಲನ್ನು ಕಟ್ಟುವಾಗ, ಮೈಮೇಲೆ ಗೀರುಗಳಿರುವ ಹಳದಿ ಇಟ್ಟಿಗೆಗಳೂ ಚಿತ್ತಾರದ ಸುಟ್ಟಮಣ್ಣಿನ ಫಲಕಗಳೂ ಬೇಕೆಂದದ್ದರಿಂದ, ಅವುಗಳಿಗಾಗಿಯೇ ತೊಕೊನಾಮೆಯಲ್ಲಿ ಒಂದು ಕಾರ್ಖಾನೆ ಎದ್ದಿತು. ಅದರ ಕೆಲಸ ಮುಗಿದ ಮೇಲೆ ಕೆಲಸಗಾರರು ಇನಾ ಮನೆತನದ ಉದ್ಯಮಕ್ಕೆ ಬಂದರು. 1924ರಲ್ಲಿ ಸ್ಥಾಪನೆಯಾದ ಇನಾ ಕಂಪನಿಯೇ ಮುಂದೆ ಗೋಡೆಬಿಲ್ಲೆ ಮತ್ತು ಶೌಚಾಲಯ ಸಾಮಗ್ರಿಗಳಿಗೆ ಹೆಸರಾದ ಐನ್ಯಾಕ್ಸ್ ಆಯಿತು. ಹಳೆಯ ಕೊಳವೆ ಆವಿಗೆಯೊಂದನ್ನು ಒಳಗಿರಿಸಿಕೊಂಡ ಅದರ ಸಂಗ್ರಹಾಲಯವೂ ಇದೇ ಊರಿನಲ್ಲಿದೆ. ಇಂಪೀರಿಯಲ್ ಹೋಟೆಲಿನ ವಿಧ್ಯುಕ್ತ ಉದ್ಘಾಟನೆಗೆ ಗೊತ್ತಾಗಿದ್ದ 1923ರ ಸೆಪ್ಟೆಂಬರ್ 1ರಂದೇ ಟೋಕಿಯೊವನ್ನು ಭೀಕರ ಭೂಕಂಪ ಅಲುಗಾಡಿಸಿತು. ಹೋಟೆಲು ಆ ದಿನ ನಿಂತುಕೊಂಡಿತಾದರೂ 1960ರ ದಶಕದ ಕೊನೆಗೆ ಅದನ್ನು ಕೆಡವಲಾಯಿತು. ಅದರ ಮುಂಭಾಗವನ್ನು ಬಿಚ್ಚಿ ತಂದು ಐಚಿ ಪ್ರಾಂತದಲ್ಲೇ, ಇನುಯಾಮಾ ನಗರದ ಮೇಜಿ-ಮುರಾ ಎಂಬ ಬಯಲು ಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿರುವುದರಿಂದ, ನಗೋಯಾದಲ್ಲಿ ಇಳಿದುಕೊಂಡವರು ಒಂದು ದಿನ ದಕ್ಷಿಣದ ತೊಕೊನಾಮೆಗೂ ಮರುದಿನ ಉತ್ತರದ ಇನುಯಾಮಾಕ್ಕೂ ಹೋಗಿಬರಬಹುದು.