ಐರ್ಲೆಂಡಿನ ಹಿತ್ತಿಲಲ್ಲಿ ಬಟಾಟೆ ಬಿತ್ತನೆ

ಕುವೈತಿನಲ್ಲಿ ಹನ್ನೊಂದು ವರ್ಷ ದುಡಿದು, ಸಂಘದ ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಪಂದ್ಯ ಎಲ್ಲದರಲ್ಲೂ ಓಡಾಡಿ, 2021ರ ಕೊನೆಯಲ್ಲಿ ನಾವು ಇಲ್ಲಿಗೆ ಬಂದೆವು. ನಮ್ಮಿಬ್ಬರಲ್ಲಿ ಒಬ್ಬರು ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್, ಇನ್ನೊಬ್ಬರಿಗೆ ಗೋದಾಮಿನಲ್ಲಿ ಕೆಲಸ. ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಮಿತ್ರರು ಕೇಳಿದಾಗ ಸಂಬಳ, ವೀಸಾ, ಮನೆ ಬಾಡಿಗೆಯ ವಿಷಯ ಬರೆಯೋಣವೆಂದು ಮೊದಲು ಅನಿಸಿತು. ಆದರೆ ಅದನ್ನೆಲ್ಲ ಹೇಳಲು ಏಜೆನ್ಸಿಯವರಿದ್ದಾರೆ. ಹಿತ್ತಿಲ ಸುದ್ದಿ ಹೇಳುವವರು ಯಾರೂ ಇಲ್ಲ. ಹಾಗಾಗಿ ಅದನ್ನೇ ಬರೆಯುತ್ತಿದ್ದೇವೆ.

ಅಬ್ಬಾಸಿಯಾದ ಫ್ಲಾಟಿನಲ್ಲಿ ನಮಗೆ ಹಿತ್ತಿಲೆಂದರೆ ಬಾಲ್ಕನಿಯ ಆರು ಡಬ್ಬಿಗಳು. ಜಮಿಯಾದಿಂದ ತಂದ ಮಣ್ಣಿನ ಚೀಲ, ಅಡುಗೆಮನೆಯ ಮೆಂತೆ, ಕೊತ್ತಂಬರಿ, ಎರಡು ಟೊಮೆಟೊ ಗಿಡ. ಅಕ್ಟೋಬರಿನಲ್ಲಿ ಸೆಕೆ ಇಳಿದ ಮೇಲೆ ಬಿತ್ತಿದರೆ ಮಾರ್ಚ್ ತನಕ ಸೊಪ್ಪು. ಏಪ್ರಿಲ್ ಕಳೆದು ಬಿಸಿಗಾಳಿ ಎದ್ದರೆ ಎಲ್ಲ ಮುಗಿಯಿತು. ನೀವೂ ಹೀಗೆಯೇ ಮಾಡುತ್ತಿರಬಹುದು. ಇಲ್ಲಿ ಲೆಕ್ಕ ತಿರುಗುಮುರುಗು. ನಿಮ್ಮ ಡಬ್ಬಿ ಒಣಗುವ ಹೊತ್ತಿಗೆ ನಮ್ಮ ಮಣ್ಣು ಕಣ್ಣು ಬಿಡುತ್ತದೆ.

ಮಾರ್ಚ್ ಬಿಸಿಲಿನ ಮೋಸ

ನಾವಿರುವುದು ಕಾರ್ಲೋ ಎಂಬ ಪುಟ್ಟ ಪಟ್ಟಣದಲ್ಲಿ, ಡಬ್ಲಿನ್‌ನಿಂದ ನೈಋತ್ಯಕ್ಕೆ. ಮೊದಲು ಬಾಡಿಗೆಗೆ ಸಿಕ್ಕಿದ ಮನೆಯ ಹಿಂದೆ ಸುಮಾರು ಒಂದು ಸೆಂಟ್ಸಿನಷ್ಟು ಹುಲ್ಲಿನ ಜಾಗ ಇತ್ತು. ಬಾಡಿಗೆ ಮನೆಯಲ್ಲಿ ಗಿಡ ನೆಡುವುದು ಯಾಕೆ, ಸ್ವಂತ ಮನೆ ಆದ ಮೇಲೆ ನೋಡೋಣ ಎಂದುಕೊಂಡಿದ್ದೆವು. ಗಲ್ಫಿನಲ್ಲಿ ಇದ್ದವರಿಗೆ ಈ ಮಾತು ಹೊಸತಲ್ಲ. ಒಳ್ಳೆಯ ಮಂಚ, ಒಳ್ಳೆಯ ಪಾತ್ರೆ, ತೋಟ ಎಲ್ಲವೂ ಊರಿಗೆ ಹೋದ ಮೇಲೆಯೇ. ಹನ್ನೊಂದು ವರ್ಷ ಹಾಗೆಯೇ ಕಳೆದಿದ್ದೆವು.

2022ರ ಮಾರ್ಚಿನಲ್ಲಿ ಒಂದು ವಾರ ಚಂದದ ಬಿಸಿಲು ಬಂತು. ನಾಲ್ಕು ಗಂಟೆಗೇ ಕತ್ತಲಾಗುವ ಚಳಿಗಾಲವನ್ನು ಆಗಷ್ಟೇ ಕಳೆದ ನಮಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಸಿಕ್ಕ ಬೀನ್ಸ್, ಕುಂಬಳ, ಬೆಂಡೆ ಬೀಜ ತಂದು ಬಿತ್ತಿದೆವು. ಬೆಂಡೆ, ಕುಂಬಳ ಮೇಲೆಯೇ ಬರಲಿಲ್ಲ. ಬೀನ್ಸ್ ಬಂತು. ಏಪ್ರಿಲಿನ ಒಂದು ರಾತ್ರಿ ಹಿಮ ಬಿದ್ದು, ಬೆಳಿಗ್ಗೆ ನೋಡಿದರೆ ಬೇಯಿಸಿದ ಸೊಪ್ಪಿನ ಹಾಗೆ ಮಲಗಿತ್ತು.

ಪಕ್ಕದ ಮನೆಯ ಹಿರಿಯರು ಗೋಡೆಯ ಆಚೆಯಿಂದ ಎಲ್ಲವನ್ನೂ ನೋಡುತ್ತಿದ್ದರಂತೆ. ಎಂಬತ್ತು ದಾಟಿದವರು. "ಮಾರ್ಚಿನ ಬಿಸಿಲನ್ನು ನಂಬಬೇಡಿ. ಮೇ ಅರ್ಧ ಕಳೆಯುವ ತನಕ ರಾತ್ರಿಯ ಹಿಮ ಇದ್ದೇ ಇರುತ್ತದೆ. ಈಗ ನೆಡುವುದಾದರೆ ಬಟಾಟೆ ನೆಡಿ" ಎಂದರು. ನಮ್ಮ ಕರಾವಳಿಯ ಬಟಾಟೆ, ಘಟ್ಟದ ಮೇಲಿನವರ ಆಲೂಗೆಡ್ಡೆ. ಅಷ್ಟು ಹೊತ್ತಿಗೆ ಆ ವರ್ಷ ತಡವಾಗಿತ್ತು. ಮುಂದಿನ ವರ್ಷಕ್ಕೆ ಮಾತು ಕೊಟ್ಟೆವು.

ಕೆಡ್ಡಸ ಮತ್ತು ಬ್ರಿಜಿಡ್ ಹಬ್ಬ

ಇಲ್ಲಿಯ ಹಳೆಯ ಲೆಕ್ಕದಲ್ಲಿ ವಸಂತ ಶುರುವಾಗುವುದು ಫೆಬ್ರವರಿ 1ರಂದು, ಸಂತ ಬ್ರಿಜಿಡ್ ಹಬ್ಬದ ದಿನ. ಜೊಂಡಿನ ಕಡ್ಡಿಗಳಿಂದ ಶಿಲುಬೆ ಹೆಣೆದು ಮನೆಗೂ ದನಗಳಿಗೂ ಕಾವಲಾಗಿ ಕಟ್ಟುತ್ತಾರೆ. 2023ರಿಂದ ಈ ಹಬ್ಬಕ್ಕೆ ಸರ್ಕಾರಿ ರಜೆಯೂ ಇದೆ. ಹೊರಗೆ ಚಳಿ ಕೊರೆಯುತ್ತಿರುತ್ತದೆ, ಆದರೂ ಮಣ್ಣು ಎಚ್ಚರವಾಯಿತೆಂದು ಇವರ ನಂಬಿಕೆ. ಅದೇ ತಿಂಗಳ ಎರಡನೇ ವಾರದಲ್ಲಿ ನಮ್ಮ ತುಳುನಾಡಿನಲ್ಲಿ ಕೆಡ್ಡಸ. ಭೂಮಿತಾಯಿ ಮುಟ್ಟಾಗುವ ದಿನಗಳೆಂದು ಹಾರೆ, ನೇಗಿಲು ಮಣ್ಣಿಗೆ ತಾಗಿಸುವುದಿಲ್ಲ. ಮನೆಯ ಹೆಂಗಸರು ನೆಲಕ್ಕೆ ಎಣ್ಣೆ ಎರೆಯುತ್ತಾರೆ, ಧಾನ್ಯ ಹುರಿದು ನನ್ನೆರಿ ಮಾಡುತ್ತಾರೆ. ಸಾವಿರಾರು ಮೈಲಿ ದೂರದ ಎರಡು ಊರಿನ ಜನ ಒಂದೇ ತಿಂಗಳಲ್ಲಿ ನೆಲದ ಕಡೆ ತಿರುಗಿ ನೋಡುತ್ತಾರೆ ಎಂಬುದು ನಮಗೆ ಇಲ್ಲಿಗೆ ಬಂದ ಮೇಲೆಯೇ ಹೊಳೆದದ್ದು.

ಬಟಾಟೆ ನೆಡಲು ವಾಡಿಕೆಯ ದಿನ ಮಾರ್ಚ್ 17, ಸಂತ ಪ್ಯಾಟ್ರಿಕ್ ಹಬ್ಬ. ಅದಕ್ಕೆ ಫೆಬ್ರವರಿಯಲ್ಲೇ ತಯಾರಿ ಬೇಕು. ಅಡುಗೆಯ ಬಟಾಟೆ ನೆಡಬಾರದು, ರೋಗವಿಲ್ಲವೆಂದು ಪ್ರಮಾಣೀಕರಿಸಿದ ಬಿತ್ತನೆಗಡ್ಡೆಯನ್ನೇ ತರಬೇಕು. ಮೊಟ್ಟೆಯ ಟ್ರೇಯಲ್ಲಿ ಕಣ್ಣು ಮೇಲೆ ಮಾಡಿ ಬೆಳಕಿರುವ ತಂಪು ಜಾಗದಲ್ಲಿಟ್ಟರೆ ಗಿಡ್ಡ, ಗಟ್ಟಿ ಮೊಳಕೆ ಬರುತ್ತದೆ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಡ್ಡೆಯಿಂದ ಗಡ್ಡೆಗೆ ಒಂದು ಅಡಿ, ಅರ್ಧ ಅಡಿ ಆಳ. ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಬೇಕು. ಇಲ್ಲದಿದ್ದರೆ ಬಿಸಿಲು ತಾಗಿ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ. ಬೇಗ ಬರುವ ತಳಿಯಾದರೆ ಹತ್ತು-ಹನ್ನೆರಡು ವಾರದಲ್ಲಿ ಅಗೆಯಬಹುದು.

ಹಿತ್ತಿಲ ಉಳಿದ ಕೆಲಸಕ್ಕೂ ಕಟ್ಟಳೆಗಳಿವೆ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರ ತನಕ ಬೇಲಿಗಿಡ ಕಡಿಯಲು ಕಾನೂನಿನ ತಡೆ ಇದೆ. ಹಾಗಾಗಿ ಸವರುವುದೆಲ್ಲ ಫೆಬ್ರವರಿಯಲ್ಲೇ ಮುಗಿಯಬೇಕು. ಹುಲ್ಲು ಮಾರ್ಚ್ ಕೊನೆಗೆ ಎದ್ದು ನಿಲ್ಲುತ್ತದೆ. ಆಮೇಲೆ ಮಳೆ ಬಿಟ್ಟ ಗಳಿಗೆ ನೋಡಿ ಯಂತ್ರ ಓಡಿಸಬೇಕು. ರಾತ್ರಿ ಟಾರ್ಚ್ ಹಿಡಿದು ಎಳೆ ಸೊಪ್ಪು ತಿನ್ನುವ ಸಿಂಬಳದ ಹುಳು ಹೆಕ್ಕುವುದು ಮಕ್ಕಳ ಪಾಲಿನ ಕೆಲಸ. ಕುಂಡಕ್ಕೆ ತುಂಬಲು ಇಲ್ಲಿಯ ಅಂಗಡಿಯಲ್ಲಿ ಸಿಗುವ ತೆಂಗಿನ ನಾರಿನ ಹುಡಿಯ ಇಟ್ಟಿಗೆ ದಕ್ಷಿಣ ಭಾರತ, ಶ್ರೀಲಂಕಾ ಕಡೆಯಿಂದ ಬರುತ್ತದೆ. ನೀರು ಹಾಕಿದಾಗ ಅದು ಉಬ್ಬಿ ಪರಿಮಳ ಬಿಟ್ಟರೆ, ಊರಿನ ತೆಂಗಿನಕಾಯಿ ಸುಲಿಯುವ ಜಗಲಿಯೇ ಎದುರು ಬಂದ ಹಾಗೆ.

ಅಗೆಯದೆ ಬಿಟ್ಟು ಬಂದ ಬೆಳೆ

2023ರಲ್ಲಿ ಹೇಳಿದ ಹಾಗೆ ಮಾರ್ಚ್ 17ಕ್ಕೆ ನಾಲ್ಕು ಸಾಲು ನೆಟ್ಟೆವು. ಮೇ ತಿಂಗಳಲ್ಲಿ ಗಿಡ ಮೊಣಕಾಲೆತ್ತರ. ಅಷ್ಟರಲ್ಲಿ ಮನೆಯ ಯಜಮಾನರ ಪತ್ರ ಬಂದಿತ್ತು. ಮನೆ ಮಾರುತ್ತಾರೆ, ನಾವು ಖಾಲಿ ಮಾಡಬೇಕು. ಬಾಡಿಗೆ ಮನೆ ಸಿಗುವುದು ಇಲ್ಲಿ ಎಷ್ಟು ಕಷ್ಟವೆಂದು ಬಂದವರಿಗೇ ಗೊತ್ತು. ಐರ್ಲೆಂಡಿಗೆ ಹೊರಟ ಗಲ್ಫಿನ ಸ್ನೇಹಿತರು ಕೆಲಸಕ್ಕಿಂತ ಮೊದಲು ಮನೆಯ ಬಗ್ಗೆ ವಿಚಾರಿಸುವುದು ಒಳ್ಳೆಯದು. ನಮಗೆ ಪಟ್ಟಣದ ಇನ್ನೊಂದು ಬದಿಯಲ್ಲಿ ಮನೆ ಸಿಕ್ಕಿತು. ಜೂನ್ ಮೊದಲ ವಾರ ಸಾಮಾನು ಸಾಗಿಸಿದೆವು. ಬಟಾಟೆ ಹೂ ಬಿಡುತ್ತಿತ್ತು. ಅಗೆದು ನೋಡಿದರೆ ಗೋಲಿಯಷ್ಟು ಗಡ್ಡೆ. ಮತ್ತೆ ಮಣ್ಣು ಮುಚ್ಚಿ ಬಂದೆವು. ಇನ್ನು ಮೇಲೆ ಸ್ವಂತ ಮನೆ ಆಗದೆ ಒಂದು ಬೀಜವನ್ನೂ ಹಾಕುವುದಿಲ್ಲ ಎಂದು ಆ ದಿನ ಹೇಳಿಕೊಂಡದ್ದೂ ಹೌದು.

ಜುಲೈ ಕೊನೆಗೆ ಒಂದು ಸಂಜೆ ಬಾಗಿಲು ಬಡಿದ ಸದ್ದು. ಹಳೆಯ ಮನೆಯ ನೆರೆಯ ಹಿರಿಯರು, ಕೈಯಲ್ಲಿ ಒಂದು ಚೀಲ. ಹೊಸ ಮಾಲೀಕರು ಇನ್ನೂ ಬಂದಿಲ್ಲವಂತೆ, ಇವರೇ ಕೇಳಿ ಅಗೆದು ತಂದಿದ್ದರು. "ನೆಟ್ಟವರು ತಿನ್ನಬೇಕು" ಎಂದರು. ಕೂರಿಸಿ ಚಹಾ ಕೊಟ್ಟೆವು. ಆ ರಾತ್ರಿ ಬಟಾಟೆ ಗಸಿಯನ್ನು ಅವರೂ ನಮ್ಮೊಟ್ಟಿಗೆ ಉಂಡರು, ಖಾರಕ್ಕೆ ಎರಡು ಸಲ ನೀರು ಕುಡಿದರು.

ಊಟದ ಮೇಲೆ ಅವರು ಹೇಳಿದ ಮಾತು ಬರೆಯಬೇಕು. ಅವರ ಅಣ್ಣಂದಿರಿಬ್ಬರು ಹದಿನೆಂಟು ತುಂಬುವ ಮೊದಲೇ ಲಂಡನ್‌ಗೆ ಕಟ್ಟಡದ ಕೆಲಸಕ್ಕೆ ಹೋದವರು. ವಾರ ವಾರ ಮನೆಗೆ ಹಣ ಕಳಿಸಿದರು, ತಿರುಗಿ ಬಂದು ನೆಲೆಸಲೇ ಇಲ್ಲ. ಈ ದೇಶದ ಜನ ಹೊರಗೆ ಹೋದ ಕಥೆಯ ಹಿಂದೆಯೂ ಬಟಾಟೆಯೇ ಇದೆ. 1845ರಲ್ಲಿ ಬಂದ ಅಂಗಮಾರಿ ರೋಗ ವರ್ಷ ವರ್ಷ ಬೆಳೆಯನ್ನು ಕೊಳೆಯಿಸಿತು. ಬಡವರ ಹೊಲದಲ್ಲಿ ಇದ್ದದ್ದು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿ, ಒಂದು ಗಿಡಕ್ಕೆ ಬಂದದ್ದು ಎಲ್ಲದಕ್ಕೂ ಬಂತು. ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಆಗಲೂ ದೇಶದಿಂದ ಧಾನ್ಯ ಹೊರಗೆ ಸಾಗುತ್ತಿತ್ತು. ಕೊಳ್ಳಲು ಬಡವರ ಕೈಯಲ್ಲಿ ಕಾಸಿರಲಿಲ್ಲ.

ನೀಲಿ ಕಲ್ಲು, ಮೈಲುತುತ್ತು

ಆ ಚೀಲ ಬಂದ ಮೇಲೆ ನೆಡದೆ ಇರುವುದು ಹೇಗೆ? 2024ರಲ್ಲಿ ಹೊಸ ಹಿತ್ತಿಲಲ್ಲಿ ಮತ್ತೆ ಹಾರೆ ಹಿಡಿದೆವು. ಆ ವಸಂತ ಬರೀ ಮಳೆ, ಇಲ್ಲಿಯ ರೈತರಿಗೂ ಬಿತ್ತನೆ ತಡವಾಯಿತು. ನಾವು ನೆಟ್ಟದ್ದು ಏಪ್ರಿಲ್ ಕೊನೆಗೆ, ರೂಸ್ಟರ್ ಎಂಬ ಕೆಂಪು ಸಿಪ್ಪೆಯ ತಳಿ. ಅದು ಹುಟ್ಟಿದ್ದೇ ನಮ್ಮ ಪಟ್ಟಣದ ಪಕ್ಕದ ಓಕ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಜುಲೈಯ ಜಿಟಿಜಿಟಿ ಮಳೆಯಲ್ಲಿ ಎಲೆಗಳ ಮೇಲೆ ಕಪ್ಪು ಮಚ್ಚೆ ಕಂಡಿತು. ಎರಡು ದಿನದಲ್ಲಿ ಸಾಲು ಪೂರ್ತಿ ಕರಗತೊಡಗಿತು.

ಅದೇ ಹೊತ್ತಿಗೆ ಬೆಳ್ತಂಗಡಿಯಿಂದ ಅಪ್ಪನ ವಿಡಿಯೋ ಕರೆ. ಫೋನನ್ನು ಗಿಡದ ಕಡೆ ತಿರುಗಿಸಿದೆವು. ಒಂದು ಕ್ಷಣ ನೋಡಿ, "ಇದು ನಮ್ಮ ಕೊಳೆರೋಗದ ಹಾಗೆಯೇ ಉಂಟಲ್ಲ ಮಗಾ" ಎಂದರು.

ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಬಟಾಟೆಯ ಅಂಗಮಾರಿ, ಅಡಿಕೆಯ ಕೊಳೆರೋಗ ಎರಡನ್ನೂ ತರುವುದು ಫೈಟಾಫ್ತೊರಾ ಎಂಬ ಒಂದೇ ಕುಲದ ಜೀವಿಗಳು. ಎರಡಕ್ಕೂ ಬೇಕಾದದ್ದು ಬಿಡದೆ ಸುರಿಯುವ ಮಳೆ, ಒದ್ದೆ ಗಾಳಿ. ಹಾಸನದ ಆಲೂಗೆಡ್ಡೆ ಬೆಳೆಗಾರರಿಗೂ ಈ ಅಂಗಮಾರಿ ಹಳೆಯ ವೈರಿ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ, ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಿಕೊಟ್ಟರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ಒಂದೂವರೆ ತಿಂಗಳ ಮೇಲೆ ಇನ್ನೊಮ್ಮೆ. ಚಿಕ್ಕಂದಿನಲ್ಲಿ ಅಪ್ಪನ ಅಂಗೈ, ಲುಂಗಿ ಎಲ್ಲ ನೀಲಿಯಾಗಿದ್ದದ್ದು ನಮಗಿನ್ನೂ ನೆನಪಿದೆ.

ಹಿರಿಯರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಅವರ ಅಪ್ಪನೂ ಹೊಲದ ಅಂಚಿನಲ್ಲಿ ಪೀಪಾಯಿ ಇಟ್ಟು ನೀಲಿ ಕಲ್ಲು ಕರಗಿಸುತ್ತಿದ್ದರಂತೆ. ಅದೂ ಮೈಲುತುತ್ತೇ. ಅವರದು ಸೋಡಾ ಬೆರೆಸಿದ್ದು, ನಮ್ಮದು ಸುಣ್ಣ ಬೆರೆಸಿದ್ದು, ಅಷ್ಟೇ ವ್ಯತ್ಯಾಸ. ಅವರು ಹೇಳಿದ ಹಾಗೆ ಗಿಡದ ದಂಟನ್ನೆಲ್ಲ ನೆಲಮಟ್ಟಕ್ಕೆ ಕೊಯ್ದು ದೂರ ಹಾಕಿ, ಎರಡು ವಾರ ಕಾದು ಅಗೆದೆವು. ಅರ್ಧ ಬೆಳೆ ಉಳಿಯಿತು.

ಆ ದಿನ ಅಪ್ಪನ ತೋಟದ ಬಗ್ಗೆಯೂ ಕೇಳಿದೆವು. ಆ ವರ್ಷ ಮದ್ದು ಬಿಡಲು ಮರ ಹತ್ತುವ ಜನ ಸಿಕ್ಕಿಲ್ಲ, ಕಾಯಿ ಉದುರುತ್ತಾ ಇದೆ ಎಂದರು. ಹಣ ಕಳಿಸುತ್ತೇವೆ, ಹೆಚ್ಚು ಕೂಲಿ ಕೊಟ್ಟು ಮಾಡಿಸಿ ಎಂದೆವು. ಅಪ್ಪ ಮೆಲ್ಲಗೆ, "ಹಣ ಮರ ಹತ್ತುವುದಿಲ್ಲ ಮಗಾ" ಎಂದರು. ಕುವೈತಿನ ಹನ್ನೊಂದು ವರ್ಷವೂ ನಾವು ಡಿಸೆಂಬರಿನಲ್ಲೇ ಊರಿಗೆ ಹೋಗುತ್ತಿದ್ದೆವು. ಮದುವೆ, ಕೋಲ, ಕಂಬಳ ನೋಡಿ ಬರುತ್ತಿದ್ದೆವು. ಮದ್ದು ಬಿಡುವ ಹೊತ್ತಿಗೆ ಒಮ್ಮೆಯೂ ಹೋದವರಲ್ಲ.

ಈ ಸಲದ ಬಿತ್ತನೆ

2025ರ ಮಾರ್ಚಿನಲ್ಲಿ ರೋಗ ತಡೆಯುವ ಸಾರ್ಪೋ ಮಿರಾ ತಳಿ ಎರಡು ಸಾಲು ನೆಟ್ಟೆವು. ಬಟಾಣಿ, ಮೂಲಂಗಿ, ಪಾಲಕ್ ಏಪ್ರಿಲಿನಲ್ಲಿ, ಬೀನ್ಸ್ ಮಾತ್ರ ಮೇ ಅರ್ಧ ಕಳೆದ ಮೇಲೆ. ಮೆಂತೆ, ಕೊತ್ತಂಬರಿ ಇಲ್ಲಿಯ ತಂಪಿಗೆ ಗಲ್ಫಿಗಿಂತ ಚೆನ್ನಾಗಿಯೇ ಬರುತ್ತದೆ. ಅಮ್ಮ ಕಟ್ಟಿಟ್ಟ ಮಟ್ಟುಗುಳ್ಳದ ಬೀಜ ಮಾತ್ರ ತರಲಾಗಲಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬೀಜ, ಗಿಡ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಣ್ಣುಗಳಲ್ಲಿಯೂ ಪ್ರಮಾಣಪತ್ರವಿಲ್ಲದೆ ಬಿಡುವುದು ಅನಾನಸು, ತೆಂಗಿನಕಾಯಿ, ಬಾಳೆ, ಖರ್ಜೂರ, ದುರಿಯನ್ ಐದನ್ನೇ. ಲಗೇಜಿನಲ್ಲಿ ಕರಿಬೇವಿನ ಗಿಡ ಅಡಗಿಸಿ ತರುವ ಸಾಹಸ ಯಾರೂ ಮಾಡಬೇಡಿ. ಕ್ಷಾಮ ತಂದ ರೋಗವೂ ಹಾಗೆ ಸಮುದ್ರ ದಾಟಿಯೇ ಬಂದದ್ದು.

ಬೀನ್ಸ್ ಹಾಕಿದ ವಾರದಲ್ಲೇ ಒಬ್ಬರು ರಜೆ ಹಾಕಿ ಊರಿಗೆ ಹೊರಟೆವು, ಇನ್ನೊಬ್ಬರು ಮಕ್ಕಳೊಟ್ಟಿಗೆ ಹಿತ್ತಿಲು ನೋಡಿಕೊಂಡೆವು. ಊರಲ್ಲಿ ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಗೊನೆಗೆ ಮದ್ದು ಬಿಡಬಹುದು. ಕುತ್ತಿಗೆ ನೋವು, ಕಣ್ಣಿಗೆ ಸುಣ್ಣದ ಉರಿ, ಮೊದಲ ದಿನ ಹತ್ತು ಮರವೂ ಸರಿ ಆಗಲಿಲ್ಲ. ಅಪ್ಪ ಕುರ್ಚಿ ಹಾಕಿ ಕೂತು, "ಆಚೆ, ಸ್ವಲ್ಪ ಆಚೆ" ಎಂದು ಹೇಳುತ್ತಾ ಇದ್ದರು. ಮಳೆ ಹಿಡಿಯುವ ಮೊದಲು ಮುಕ್ಕಾಲು ತೋಟ ಮುಗಿಯಿತು.

ಇಂದಿಗೂ ನಮ್ಮದು ಬಾಡಿಗೆ ಮನೆಯೇ. ಮುಂದಿನ ಪತ್ರ ಯಾವಾಗ ಬರುತ್ತದೋ ಗೊತ್ತಿಲ್ಲ, ಆದರೂ ಬರುವ ಫೆಬ್ರವರಿಗೆ ಮೊಟ್ಟೆಯ ಟ್ರೇ ತೆಗೆದಿಟ್ಟಿದ್ದೇವೆ. ಮಿತ್ರರೇ, ಈ ಸಂಚಿಕೆ ನಿಮ್ಮ ಕೈಗೆ ಬರುವಾಗ ಗಲ್ಫಿನಲ್ಲಿ ಸೆಕೆ ಇಳಿದಿರಲಿ, ಬಾಲ್ಕನಿಯ ಡಬ್ಬಿಗೆ ಒಂದು ಮುಷ್ಟಿ ಮೆಂತೆ ಹಾಕಿ. ಊರಿನಲ್ಲಿ ತೋಟವಿದ್ದರೆ, ಬರುವ ವರ್ಷದ ರಜೆ ಬರೆಯುವ ಮೊದಲು ಮನೆಗೊಂದು ಫೋನ್ ಮಾಡಿ, ಕೆಲಸದ ಹೊತ್ತು ಯಾವುದೆಂದು ಕೇಳಿಕೊಳ್ಳಿ.